ಯಾರ ಮನೆಯವಳು

ಬೆಳಗೊಳ
14-7-1998

ಪ್ರಮೀಳಾ,

ನಿನ್ನ ಕಾಗದ ಸೋಮವಾರ ಬಂತು. ನಿಮ್ಮಪ್ಪ ಓದಿ ಹೇಳುತ್ತೇನೆ ಎಂದ, ಕೈಯಿಂದ ಕಿತ್ತುಕೊಂಡೆ. ಚಲುವರಾಜು ಓದಿದರೆ ನಡುವೆ ನಾಲ್ಕು ಸಾಲು ನುಂಗಿಬಿಡುತ್ತಾನೆ. ನಾನು ನಾಲ್ಕನೇ ಕ್ಲಾಸು ಓದಿರುವುದು ಮತ್ತೆ ಯಾವುದಕ್ಕೆ? ಎರಡು ಸಲ ಓದಿದೆ. ಮೊದಲ ಸಲ ನನಗೆ ಅರ್ಥವಾಗಲಿಲ್ಲ. ಎರಡನೇ ಸಲ, ಬರೆದ ನಿನಗೂ ಅರ್ಥವಾಗಿಲ್ಲ ಎಂದು ತಿಳಿಯಿತು.

ನನಗೆ ತಿಳಿದಷ್ಟು ಇದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ಬಿಟ್ಟು ಎಲ್ಲೆಲ್ಲೋ ಹೋಗಿ ಕೂತಿರುವವರನ್ನು ಇಂಟರ್‌ನೆಟ್ಟಿನಲ್ಲಿ ಒಂದು ಬಳಗ ಮಾಡಬೇಕು. ಒಬ್ಬರು ಬರೆದ ಕಾಗದ ಎಲ್ಲರಿಗೂ ಒಟ್ಟಿಗೆ ಹೋಗಿ ಬೀಳಬೇಕು. ನೀನು ಪಾಠ ಹೇಳುವ ಕಂಪ್ಯೂಟರ್ ಸೆಂಟರಿನ ತಿಮ್ಮರಾಜು ಸಾಹೇಬರು, ಗುರಿ ಏನು, ಕಾರ್ಯತಂತ್ರ ಏನು, ಬರೆದುಕೊಂಡು ಬಾ ಎಂದಿದ್ದಾರೆ. ಅದಕ್ಕೆ ನೀನು ಡೈರಿ ಕಟ್ಟಿದ ಅಜ್ಜಿಯ ನೆನಪು ಮಾಡಿಕೊಂಡೆ. ಹಬ್ಬಕ್ಕೆ ಬಾ ಅಂದರೆ ನೆನಪಾಗದ ಅಜ್ಜಿ.

ಹೇಳುತ್ತೇನೆ, ಕೇಳು. ಹನ್ನೆರಡು ವರ್ಷದ ಹಿಂದೆ ಹೆಂಗಸರ ಡೈರಿ ಮಾಡಲು ಒಬ್ಬ ಆಫೀಸರು ಬಂದ. ಶಾಲೆ ಮುಂದೆ ಮೈಕು ಹಾಕಿಸಿ ಕೂಗಿದ. ಮೂರು ಜನ ಬಂದರು. ಅದರಲ್ಲಿ ಇಬ್ಬರು ಮೈಕು ನೋಡಲು ಬಂದವರು. ಅವನು ಹೋದ ಮೇಲೆ ನಾನು ದ್ಯಾವಮ್ಮನನ್ನು ಕರೆದುಕೊಂಡು ಮನೆಮನೆಗೆ ಹೊರಟೆ. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು, ಕುಂಕುಮ ಇಡಲು ನನ್ನ ಕೈ ಆಗುವುದಿಲ್ಲವಲ್ಲ. ಅವಳು ಕುಂಕುಮ ಇಡುವುದು, ನಾನು ಕರೆಯುವುದು.

ಮಾರಮ್ಮ ಹಣೆ ಮುಂದಕ್ಕೆ ಕೊಟ್ಟುಕೊಂಡೇ ಕೇಳಿದಳು: "ಡೈರಿಗೂ ಕುಂಕುಮ ಇಟ್ ಕರೀತಾರಾ ಮಾಯಕ್ಕ? ಯಾರ್ದು ಮದ್ವೆ?"

"ನಿನ್ನೆಮ್ಮೇದು ಕಣೇ. ಮೂರ್ತ ಬೆಳಿಗ್ಗೆ ಆರೂವರೆಗೆ. ಚೊಂಬು ತಕ್ಕೊಂಡು ಬಾ."

ಮೊದಲ ದಿನ ಹನ್ನೊಂದು ಜನ. ಹಾಲು ಹಾಕಲು ಬಂದರು ಎಂದುಕೊಂಡೆಯಾ? ಹಾಲು ನೆಪ. ಕ್ಯಾನು ತುಂಬುವ ತನಕ ಜಗಲಿಯ ಮೇಲೆ ಅರ್ಧ ಗಂಟೆ ಯಾರೂ ಕೇಳುವವರಿಲ್ಲದೆ ಕೂರಬಹುದಲ್ಲ, ಅದಕ್ಕೆ ಬಂದರು. ನಿನ್ನ ಗುರಿಯಲ್ಲಿ ಮೊದಲು ಅದನ್ನು ಬರೆ: ದೂರದಲ್ಲಿ ಇರುವವರಿಗೆ ಹಾಲು ಯಾವುದು, ಜಗಲಿ ಯಾವುದು. ಯುಗಾದಿಯೊಳಗೆ ಇನ್ನೂರು ಜನ ಎಂದು ಬರೆದಿದ್ದೀಯಲ್ಲ, ಅದನ್ನು ಹೊಡೆದು ಹಾಕು. ನನ್ನ ತಲೆ ಮೇಲಾಣೆ, ಮೊದಲು ಹನ್ನೊಂದು ಜನ ಸೇರಲಿ, ಅವರು ಒಬ್ಬರಿಗೊಬ್ಬರು ಜಗಳವಾಡಲಿ, ಆಮೇಲೆ ಮಿಕ್ಕವರು ನೋಡಲು ಬರುತ್ತಾರೆ.

ಇನ್ನೊಂದು. ಮದುವೆಗೆ ಕರೆಯುವಾಗ ಮೊದಲ ಕುಂಕುಮ ಯಾರಿಗೆ? ಮನೆ ಹೆಣ್ಣುಮಕ್ಕಳಿಗೆ. ಕೊಟ್ಟ ಮನೆಗೇ ಹೋಗಿ ಕರೆಯಬೇಕು, ಹೇಳಿ ಕಳಿಸುವ ಹಾಗಿಲ್ಲ. ನೀನೂ ಹಾಗೇ ಮಾಡು. ಊರು ಬಿಟ್ಟ ಗಂಡಸು ತನ್ನ ಊರಿನ ಬಗ್ಗೆ ಭಾಷಣ ಮಾಡುತ್ತಾನೆ. ಊರು ಬಿಟ್ಟ ಹೆಣ್ಣಿಗೆ ಊರಿನ ಬಾವಿಗೆ ಎಷ್ಟು ಮೆಟ್ಟಿಲು ಎಂದು ಗೊತ್ತಿರುತ್ತದೆ. ನಮ್ಮೂರಿಂದ ದೂರ ಹೋದ ಹೆಣ್ಣುಮಕ್ಕಳ ಹೆಸರು ಮನೆಮನೆ ನೆನಪು ಮಾಡಿಕೊಂಡು ಇದರ ಜೊತೆಯ ಹಾಳೆಯಲ್ಲಿ ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನಜ್ಜಿ
ಮಾಯಮ್ಮ

---

ಮೈಸೂರು
2-8-1998

ಅಜ್ಜಿಗೆ ಪ್ರಮೀಳಾ ಮಾಡುವ ನಮಸ್ಕಾರ.

ನೀವು ಹೇಳಿದ್ದನ್ನೇ ನನ್ನ ಮಾತಿನಲ್ಲಿ ಬರೆದು ಕೊಟ್ಟೆ. ತಿಮ್ಮರಾಜು ಸರ್ ಓದಿ ನಕ್ಕರು. "ಹಾಲು, ಜಗಲಿ ಅಂತ ಬರ್ದಿದ್ದೀಯಲ್ಲ, ಇದು ಯಾವ ಪುಸ್ತಕದ್ದಮ್ಮ?" ಅಂದರು. ಬೆಳಗೊಳದ್ದು ಅಂದೆ. ಶುರು ಮಾಡು ಅಂದಿದ್ದಾರೆ. ಹೆಣ್ಣುಮಕ್ಕಳನ್ನೇ ಮೊದಲು ಒಬ್ಬೊಬ್ಬರಾಗಿ ಕರೆಯುತ್ತಿದ್ದೇನೆ. ಇ-ಮೇಲ್ ಇಲ್ಲದವರಿಗೆ ಅಂಚೆಯಲ್ಲಿ ಬರೆದು, ಮಕ್ಕಳ ಕಾಲೇಜಿನಲ್ಲೋ ಆಫೀಸಿನಲ್ಲೋ ಸೇರಿಕೊಳ್ಳಿ ಎಂದು ಕೇಳುತ್ತಿದ್ದೇನೆ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು, ಆದರೂ ಬರೆಯುತ್ತಾರೆ. ಈಗ ಏಳು ಜನ.

ಅಜ್ಜಿ, ನಿಮ್ಮ ಪಟ್ಟಿಯಲ್ಲಿ ನಮ್ಮ ಮನೆಯ ಎದುರು ಒಂದು ಹೆಸರು ಬರೆದು, ಗೀಟು ಎಳೆದು, ಅದರ ಮೇಲೆ ಮತ್ತೆ ಗೀಟು ಎಳೆದಿದ್ದೀರಿ. ಬೆಳಕಿಗೆ ಹಿಡಿದು ನೋಡಿದೆ. ಮಂಗಳ ಎಂದಿದೆ. ಮಂಗಳತ್ತೆ ನಾನು ಹುಟ್ಟಿದ ಹೊಸದರಲ್ಲಿ ಹೊಳೆಯ ಪಾಲಾದರು ಎಂದು ಹೇಳಿದ್ದಿರಿ. ಹೊಳೆಯ ಪಾಲಾದವರ ಹೆಸರನ್ನು ಕರೆಯಬೇಕಾದವರ ಪಟ್ಟಿಯಲ್ಲಿ ಯಾಕೆ ಬರೆದಿರಿ?

ಇಂತಿ,
ಪ್ರಮೀಳಾ

---

ಬೆಳಗೊಳ
20-8-1998

ಪ್ರಮೀಳಾ,

ಓದು ಬರಹ ಕಲಿಸಿದ್ದು ನಮ್ಮದೇ ತಪ್ಪು. ಬೆಳಕಿಗೆ ಹಿಡಿದು ನೋಡುತ್ತಾಳಂತೆ.

ಹೊಳೆಯ ಪಾಲಾಗಲಿಲ್ಲ. ಎಪ್ಪತ್ತೊಂಬತ್ತರಲ್ಲಿ ಕೆಳಗಿನ ಬೀದಿಯ ಕುಳ್ಳಯ್ಯನ ಮಗನ ಜೊತೆ ಹೋದಳು. ಯಾವ ಜಾತಿ ಎಂದು ನಾನು ಬರೆಯಬೇಕಾಗಿಲ್ಲ, ಕೆಳಗಿನ ಬೀದಿ ಎಂದರೆ ನಿನಗೆ ಗೊತ್ತು. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು. ಕದ್ದು ಹೋಗಲಿಲ್ಲ ಅವಳು, ಅದೇ ನನಗೆ ಇನ್ನೂ ಉರಿ. ಮಧ್ಯಾಹ್ನ ಊಟವಾದ ಮೇಲೆ ತಟ್ಟೆ ತೊಳೆದಿಟ್ಟು ಬಂದು ಎದುರಿಗೆ ನಿಂತು ಹೇಳಿದಳು. "ಅವ್ವ, ನಾನು ಅಶೋಕನ್ನೇ ಮದ್ವೆ ಆಗೋದು. ನೀನು ಹೂಂ ಅಂದ್ರೆ ಇಲ್ಲೇ ಆಯ್ತೀನಿ, ಊಹೂಂ ಅಂದ್ರೆ ಸಂಜೆ ರೈಲಿಗೆ ಹೋಯ್ತೀನಿ." ನಿಮ್ಮ ತಾತ ಬಾಯಿ ಬಿಡಲಿಲ್ಲ. ನಿಮ್ಮಪ್ಪ ಗದ್ದೆಯಲ್ಲಿದ್ದ. ಮಾತಾಡಿದವಳು ನಾನು. ಏನೇನು ಆಡಿದೆ ಎಂದು ಈಗ ಬೇಡ.

ಮೂರನೇ ದಿನ ಎಲ್ಲರೂ ತಲೆಗೆ ಸ್ನಾನ ಮಾಡಿದೆವು. ಹನ್ನೊಂದನೇ ದಿನ ಊರಿಗೆ ಊಟ ಹಾಕಿದೆವು. ಬದುಕಿರುವವಳಿಗೆ ಎಡೆ ಇಟ್ಟ ಮೇಲೆ ಅವಳು ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಯಾರನ್ನು ಕೇಳುವುದು?

ಕೇಳಲಿಲ್ಲ, ಹತ್ತೊಂಬತ್ತು ವರ್ಷ.

ಈಗ ಕೇಳುತ್ತೇನೆ, ನಿನ್ನೊಬ್ಬಳನ್ನೇ. ನಿಮ್ಮಪ್ಪನ ಕಿವಿಗೆ ಹಾಕಬೇಡ. ನಿನ್ನ ಬಳಗ ಪುಣೆಯವರೆಗೂ ಹೋಗುತ್ತದಾದರೆ, ಅಲ್ಲಿ ಮಂಗಳ ಎಂದು ಯಾರಾದರೂ ಬಂದರೆ ನನಗೆ ಬರೆ. ನೀನಾಗಿ ಹುಡುಕಿ ಕರೆಯಬೇಡ. ನಾನು ಆಚೆ ಕಳಿಸಿದವಳನ್ನು ನಾನೇ ಕರೆದೆ ಎಂದಾಗಬಾರದು. ಅವಳಾಗಿ ಬಂದರೆ ಬರಲಿ. ಬಂದವಳನ್ನು ಹೋಗು ಅನ್ನುವಷ್ಟು ಶಕ್ತಿ ಈಗ ನನ್ನಲ್ಲಿ ಇಲ್ಲ. ಮಂಡಿ ನೋವು ಬೇರೆ.

ನಿನ್ನಜ್ಜಿ
ಮಾಯಮ್ಮ

---

ಬೆಳಗೊಳ
11-1-1999

ಪ್ರಮೀಳಾ,

ನೀನು ಕಳಿಸಿದ ಲೆಕ್ಕ ನೋಡಿದೆ. ನೂರ ಅರವತ್ತು ಜನ. ನಾಗಮಂಗಲದವರು ಹೆಚ್ಚು, ನಮ್ಮ ಶ್ರೀರಂಗಪಟ್ಟಣದವರು ಸೋಮಾರಿಗಳು, ಅದು ಮೊದಲಿಂದಲೂ ಹಾಗೇ. ಪುಣೆಯವರು ಯಾರೂ ಇಲ್ಲ ಎಂದು ಬರೆದಿದ್ದೀಯ. ಎಲ್ಲರೂ ಊರು ಹಾಕಿಕೊಂಡಿಲ್ಲ ಎಂದೂ ಬರೆದಿದ್ದೀಯ. ಸರಿ.

ಹೊಣಕೆರೆಯವನು ಎಂದು ಹೇಳಿಕೊಂಡು ಒಬ್ಬ ಒಳಗೆ ಬಂದು ಹೆಣ್ಣುಮಕ್ಕಳಿಗೆ ಕೆಟ್ಟದಾಗಿ ಬರೆದ, ಮೂರು ಜನ ಬಳಗ ಬಿಟ್ಟು ಹೋದರು ಎಂದು ಅತ್ತಿದ್ದೀಯ. ಹೊಣಕೆರೆ ನನ್ನ ತವರು. ಅಲ್ಲಿ ಅಂಥ ಹೆಸರಿನ ಮನೆಯೇ ಇಲ್ಲ. ನನ್ನನ್ನು ಒಂದು ಮಾತು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ.

ಡೈರಿಯಲ್ಲೂ ಆಗಿತ್ತು. ಮಾರಮ್ಮನ ಹೆಸರಿನಲ್ಲಿ ಯಾರೋ ಒಬ್ಬಳು ನೀರು ಬೆರೆಸಿದ ಹಾಲು ಹೊಯ್ದು ಹೋದಳು. ಮಾರಮ್ಮನಿಗೂ ದ್ಯಾವಮ್ಮನಿಗೂ ಜುಟ್ಟು ಜುಟ್ಟು ಹಿಡಿಯುವಂತಾಯಿತು. ಮಾರನೇ ದಿನದಿಂದ ನಾನು ಬಾಗಿಲಲ್ಲೇ ನಿಂತೆ. ಚೊಂಬು ಹಿಡಿದು ಬಂದವರಿಗೆಲ್ಲ ಒಂದೇ ಪ್ರಶ್ನೆ: "ಯಾರ್ ಮನೆಯೋಳು?" ಗೊತ್ತಿದ್ದವರನ್ನೂ ಕೇಳಿದೆ. ದ್ಯಾವಮ್ಮ "ದಿನಾ ನಿನ್ನ ಜೊತೇಲೆ ಎಲಡ್ಕೆ ಹಾಕೋಳು ಕಣಕ್ಕ" ಅಂದಳು. "ಆದ್ರೂ ಹೇಳು" ಅಂದೆ. ಹೇಳಿದಳು. ಒಂದು ವಾರದಲ್ಲಿ ಎಲ್ಲ ನೆಟ್ಟಗಾಯಿತು.

ನೀನೂ ಕೇಳು. ಎಲ್ಲರಿಗೂ ಒಂದೇ ಪ್ರಶ್ನೆ: ಯಾವ ಊರು, ಯಾರ ಮನೆಯವರು. ಯುಗಾದಿಯವರೆಗೆ ಗಡುವು. ಎರಡು ಸಲ ಕೇಳು. ಹೇಳದವರನ್ನು ತೆಗೆ. ನನ್ನ ತಲೆ ಮೇಲಾಣೆ, ದಾಕ್ಷಿಣ್ಯ ಮಾಡಬೇಡ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ.

ಇದರಲ್ಲಿ ನನ್ನದೂ ಒಂದು ಉಪಾಯ ಇದೆ, ನಿನ್ನಲ್ಲಿ ಮುಚ್ಚುವುದು ಏನು. ಅವಳು ಒಳಗೆಲ್ಲಾದರೂ ಮೂಲೆಯಲ್ಲಿ ಇದ್ದರೆ, ಈಗ ಹೇಳಲೇಬೇಕಾಗುತ್ತದೆ. ನಾನು ಕರೆದಂತಾಗಲಿಲ್ಲ, ಕೇಳಿದಂತಾಯಿತು. ಎಷ್ಟು ದಿನದಿಂದ ಯೋಚನೆ ಮಾಡಿ ಹೊಸೆದದ್ದು ಗೊತ್ತಾ ಇದು.

ಎಳ್ಳು ಬೆಲ್ಲ ನಿಮ್ಮಪ್ಪನ ಕೈಲಿ ಕಳಿಸಿದ್ದೇನೆ. ದಾರಿಯಲ್ಲಿ ಅವನೇ ತಿನ್ನದಿದ್ದರೆ ಬರುತ್ತದೆ.

ನಿನ್ನಜ್ಜಿ
ಮಾಯಮ್ಮ

---

ಮೈಸೂರು
2-3-1999

ಅಜ್ಜಿಗೆ ನಮಸ್ಕಾರ.

ನಿಮ್ಮ ಪ್ರಶ್ನೆ ಬಳಗವನ್ನೇ ಎಬ್ಬಿಸಿಬಿಟ್ಟಿದೆ. ಯಾರ ಮನೆ ಎಂದು ಹೇಳಲು ಹೊರಟವರು ಅಜ್ಜ ಮುತ್ತಜ್ಜನ ತನಕ ಹೋಗಿದ್ದಾರೆ. ಇಬ್ಬರು ಸೋದರ ಸಂಬಂಧಿಗಳು ಒಂದೇ ಊರಲ್ಲಿದ್ದೂ ಗೊತ್ತಿರಲಿಲ್ಲವಂತೆ, ಇಲ್ಲಿ ಸಿಕ್ಕಿದ್ದಾರೆ.

ಒಂಬತ್ತು ಜನ ಮಾತ್ರ ಹೇಳಿಲ್ಲ. ಎಂಟು ಜನ ಉತ್ತರವನ್ನೇ ಕೊಟ್ಟಿಲ್ಲ, ಅವರನ್ನು ತೆಗೆಯುತ್ತೇನೆ. ಒಂಬತ್ತನೆಯವರದ್ದೇ ನನಗೆ ಕಷ್ಟ. ಅವರು ಹೆಸರು ಹಾಕುವುದಿಲ್ಲ, "ನಾಲೆ ಏರಿ" ಎಂದು ಸಹಿ ಮಾಡುತ್ತಾರೆ. ಹೆಂಗಸು. ಹದಿನೈದು ದಿನಕ್ಕೊಮ್ಮೆ ನಾಲ್ಕು ಸಾಲು ಬರೆಯುತ್ತಾರೆ, ಅವತ್ತು ಇಡೀ ಬಳಗ ಮಾತಾಡುತ್ತದೆ. ಯಾರ ಮನೆಯವರು ಎಂದು ಕೇಳಿದೆ. "ಹೇಳುವಂತಿಲ್ಲ" ಎಂದು ಬಂತು. ಮತ್ತೆ ಕೇಳಿದೆ. "ಹೇಳುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಸುಮ್ಮನೆ ಓದಿಕೊಂಡಿರಲು ಬಿಟ್ಟರೆ ಸಾಕು" ಎಂದು ಬರೆದಿದ್ದಾರೆ.

ಅಜ್ಜಿ, ಇವರು ಅತ್ತೆ ಇರಬಹುದಾ? ಹಾಗೇ ಬಿಡಲಾ?

ಪ್ರಮೀಳಾ

---

ಬೆಳಗೊಳ
6-3-1999

ಪ್ರಮೀಳಾ,

ಅಲ್ಲ.

ಮಂಗಳ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ತಟ್ಟೆ ತೊಳೆದಿಟ್ಟು ಬಂದು ಎದುರು ನಿಂತು ಹೇಳಿದವಳು. ಬಿಟ್ಟರೆ ಸಾಕು ಎನ್ನುವ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ಅವಳಾಗಿದ್ದರೆ ಮೊದಲನೇ ದಿನವೇ ಹೆಸರು ಹೇಳಿ, ಊರು ಹೇಳಿ, ನನ್ನನ್ನು ನಾಲ್ಕು ಮಾತು ಅಂದು, ಜಗಳ ತೆಗೆದಿರುತ್ತಿದ್ದಳು. ಇದು ಯಾರೋ ಹೆದರುಪುಕ್ಕಲಿ.

ಚೆನ್ನಾಗಿ ಬರೆದರೆ ಏನಂತೆ? ನೀರು ಬೆರೆಸಿದವಳ ಚೊಂಬೂ ಚೆನ್ನಾಗಿ ಬೆಳಗಿತ್ತು. ನೂರೈವತ್ತು ಜನ ಮನೆ ಹೆಸರು ಹೇಳಿದ್ದಾರೆ, ಅವರಿಗೆ ಇಲ್ಲದ ಗುಟ್ಟು ಇವಳಿಗೆ ಏನು? ತೆಗೆ. ಯುಗಾದಿಯ ತನಕ ಕಾಯುವುದೂ ಬೇಡ.

ನಿನ್ನಜ್ಜಿ
ಮಾಯಮ್ಮ

---

ಬೆಳಗೊಳ
30-5-1999

ಪ್ರಮೀಳಾ,

ಬಳಗದ ಹಳೇ ಕಾಗದಗಳನ್ನೆಲ್ಲ ಅಚ್ಚು ಹಾಕಿಸಿ, ಕನ್ನಡದಲ್ಲಿ ಬರೆದು, ನಿಮ್ಮಪ್ಪನ ಕೈಲಿ ಕೊಟ್ಟು ಕಳಿಸಿದ್ದೆಯಲ್ಲ, ಬೇಸಿಗೆಯಲ್ಲಿ ಓದಿಕೊಳ್ಳಲಿ ಎಂದು. ಓದಿದೆ. ದಿನಕ್ಕೆ ಹತ್ತು ಹಾಳೆಯಂತೆ, ಕನ್ನಡಕ ಒರೆಸಿಕೊಂಡು. ನಿನ್ನೆ ನವೆಂಬರ್ ತಿಂಗಳಿಗೆ ಬಂದೆ.

ನಾಲೆ ಏರಿಯವಳು ಬರೆದದ್ದನ್ನು ಹಾಗೇ ಇಲ್ಲಿ ಇಳಿಸುತ್ತೇನೆ. ನೀನು ಓದಿದ್ದೀಯ, ಆದರೂ ಓದು.

"ನಮ್ಮ ಕಡೆ ಒಬ್ಬರ ಮನೆಯಲ್ಲಿ ಒಂದು ಎಮ್ಮೆ ಇತ್ತು. ಅದಕ್ಕೆ ಜಡ್ಜಮ್ಮ ಎಂದು ಹೆಸರು. ನಾಲೆಯಲ್ಲಿ ಮಲಗಿತೆಂದರೆ ಎಷ್ಟು ಕೂಗಿದರೂ ಏಳುತ್ತಿರಲಿಲ್ಲ. ಎರಡೂ ಕಡೆಯ ವಾದ ಕೇಳಿ ತೀರ್ಮಾನ ಮಾಡಿ ಆಮೇಲೆ ಏಳುತ್ತಿತ್ತು. ಆ ಮನೆಯ ಯಜಮಾನಿಯ ಬೈಗುಳಕ್ಕೆ ಊರೇ ನಡುಗುತ್ತಿತ್ತು, ಜಡ್ಜಮ್ಮ ಒಂದು ಕಿವಿ ಮಾತ್ರ ಆಡಿಸುತ್ತಿತ್ತು."

ಜಡ್ಜಮ್ಮ ಎಂದು ಹೆಸರಿಟ್ಟವಳು ಮಂಗಳ. ಆಗ ಅವಳಿಗೆ ಹನ್ನೆರಡು ವರ್ಷ. ನಮ್ಮ ಮನೆಯ ನಾಲ್ಕು ಗೋಡೆ ಬಿಟ್ಟರೆ ಆ ಹೆಸರು ಆಚೆಗೆ ಹೋಗಲಿಲ್ಲ, ಯಾಕೆಂದರೆ ನಾನೇ ಬೈದಿದ್ದೆ, ಯಾರಾದರೂ ಕೋರ್ಟಿನವರು ಕೇಳಿಸಿಕೊಂಡಾರು ಎಂದು.

ಒಬ್ಬರ ಮನೆ ಎಂದು ಬರೆದಿದ್ದಾಳೆ, ಪ್ರಮೀಳಾ. ನಮ್ಮ ಮನೆ ಎಂದು ಬರೆದಿಲ್ಲ.

ಅವತ್ತು ಏನೇನು ಆಡಿದೆ ಎಂದು ಹೋದ ವರ್ಷ ನಿನಗೆ ಬರೆಯಲಿಲ್ಲ. ಮುಚ್ಚಿಡಬೇಕೆಂದಲ್ಲ, ಒಂದು ಮಾತು ನನಗೇ ನೆನಪಿರಲಿಲ್ಲ. ನಿನ್ನೆ ಹಾಳೆ ಕೈಯಲ್ಲಿ ಹಿಡಿದಿದ್ದ ಹಾಗೇ ನೆನಪಾಯಿತು. ಅವಳು ಹೊಸಿಲು ದಾಟುವಾಗ ಅವಳ ಬಲಗೈ ಎಳೆದು ನನ್ನ ತಲೆಯ ಮೇಲೆ ಇಟ್ಟುಕೊಂಡು ಅಂದೆ: "ಇನ್ಮೇಲೆ ಯಾರು ಕೇಳುದ್ರೂ ಈ ಮನೆಯೋಳು ಅಂತ ಹೇಳ್ಕೂಡ್ದು. ಹೇಳುದ್ರೆ ನಿಮ್ಮವ್ವ ನೆಲಕ್ ಬಿದ್ದೋಗ್ತಾಳೆ. ಆಣೆ ಮಾಡು." ಮಾಡಿದಳು.

ನನಗೆ ಆಣೆ ಎಂದರೆ ಕೆಮ್ಮಿದ ಹಾಗೆ. ದ್ಯಾವಮ್ಮನಿಗೆ ದಿನಕ್ಕೆ ನಾಲ್ಕು ಇಡುತ್ತೇನೆ, ನಿನಗೆ ಕಾಗದದಲ್ಲಿ ಎಷ್ಟು ಇಟ್ಟಿದ್ದೇನೋ. ಇಟ್ಟು ಎಲೆ ಉಗಿದು ಮರೆತುಬಿಡುತ್ತೇನೆ. ಅವಳು ಮರೆಯಲಿಲ್ಲ. ಹೇಳಿದರೆ ನಾನು ಸಾಯುತ್ತೇನೆ ಎಂದು ಹೇಳದೆ ಇದ್ದಾಳೆ. ಅವಳನ್ನು ಹಿಡಿಯಬೇಕೆಂದು ಹೊಸೆದ ಪ್ರಶ್ನೆ, ಇಡೀ ಬಳಗದಲ್ಲಿ ಅವಳೊಬ್ಬಳೇ ಉತ್ತರಿಸಲಾಗದ್ದು.

ಹೆದರುಪುಕ್ಕಲಿ ಎಂದು ಬರೆದಿದ್ದೆನಲ್ಲ, ಆ ಕಾಗದ ನಿನ್ನ ಹತ್ತಿರ ಇದ್ದರೆ ಹರಿದು ಹಾಕು.

ಈಗಲೇ ಅವಳಿಗೆ ಬರೆ. ಅವ್ವ ಆಣೆ ವಾಪಸ್ ತೆಗೆದುಕೊಂಡಿದ್ದಾಳೆ ಎಂದು ಬರೆ. ಕರೆದಿದ್ದಾಳೆ ಎಂದು ಬರೆ. ಹಾಗೇ ಬರೆ, ಕರೆದಿದ್ದಾಳೆ ಎಂದೇ.

ಅಜ್ಜಿ

---

ಬೆಳಗೊಳ
28-6-1999

ಪ್ರಮೀಳಾ,

ನಾಲ್ಕು ಸಲ ಬರೆದರೂ ಉತ್ತರ ಇಲ್ಲ ಎಂದು ಬರೆದಿದ್ದೀಯ. ಇನ್ನು ಬರೆಯಬೇಡ. ಕಾರಣ ಹೇಳುತ್ತೇನೆ.

ಮೊನ್ನೆ ಶನಿವಾರ ಬೆಳಿಗ್ಗೆ ಡೈರಿಗೆ ಹೋದವಳು ಮನೆಗೆ ಬರದೆ ನೇರ ಕೆಳಗಿನ ಬೀದಿಗೆ ಇಳಿದೆ. ನಮ್ಮ ಮನೆಯಿಂದ ಕುಳ್ಳಯ್ಯನ ಮನೆಗೆ ಎಷ್ಟು ದೂರ ಗೊತ್ತಾ? ಕೊಟ್ಟಿಗೆಯಲ್ಲಿ ಜೋರಾಗಿ ಕೂಗಿದರೆ ಅಲ್ಲಿ ತಿರುಗಿ ನೋಡುತ್ತಾರೆ. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಆ ಬೀದಿಯ ಹೊಸಿಲು ತುಳಿದವಳಲ್ಲ. ಕುಳ್ಳಯ್ಯ ಜಗಲಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಹಳೇ ಅಭ್ಯಾಸ. ಕಿವಿ ಕೇಳಿಸುವುದಿಲ್ಲ ಅವನಿಗೆ. ಅವನ ಹೆಂಡತಿ ಪಾರ್ವತಮ್ಮ ಒಳಗಿಂದ ಬಂದಳು. ಹೊಸಿಲ ಒಳಗೇ ನಿಂತಳು.

"ಮಂಗಳನ ಅಡ್ರೆಸ್ಸು ಬೇಕಿತ್ತು" ಅಂದೆ.

"ಇಪ್ಪತ್ ವರ್ಸದಿಂದ ಇಲ್ಲೇ ಅದೆ ಅವ್ವಾರೆ, ಗೂಡ್ನಲ್ಲಿ" ಅಂದಳು. "ನೀವು ಕೇಳ್ಲಿಲ್ಲ."

ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದು ಕೈಗೆ ಕೊಟ್ಟಳು. ತುಂಬ ಕಾಗದ. ಎಲ್ಲ ಮಂಗಳನ ಅಕ್ಷರ. ತಿಂಗಳಿಗೊಂದು. ಮಗು ಹುಟ್ಟಿದ್ದು, ಸ್ನೇಹ ಎಂದು ಹೆಸರಿಟ್ಟಿದ್ದು, ಮಗು ಶಾಲೆಗೆ ಹೋದದ್ದು. ಪ್ರತಿ ಕಾಗದದ ಕೊನೆಗೂ ಒಂದೇ ಸಾಲು: ಮೇಲಿನ ಬೀದಿಯಲ್ಲಿ ಎಲ್ಲರೂ ಹೇಗಿದ್ದಾರೆ, ಬರೆಸಿ ಅತ್ತೆ. ಪಾರ್ವತಮ್ಮ ಯಾರ ಕೈಲಾದರೂ ಬರೆಸುತ್ತಿದ್ದಳಂತೆ. ನನ್ನ ಮಂಡಿ ನೋವು ಅವಳಿಗೆ ಗೊತ್ತು. ಡೈರಿ ಕಟ್ಟಿದ್ದು ಗೊತ್ತು. ನೀನು ಗೊತ್ತು, ನೀನು ಬಳಗ ಕಟ್ಟಿದ್ದೂ ಗೊತ್ತು.

ಕೊನೆಯ ಕಾಗದ ಮಂಗಳನ ಅಕ್ಷರ ಅಲ್ಲ.

"ಯುಗಾದಿ ಆಗಿ ಒಂಬತ್ನೇ ದಿನ" ಅಂದಳು ಪಾರ್ವತಮ್ಮ. "ಹೊಟ್ಟೇಲಿ ಗಡ್ಡೆ. ಒಂದ್ ವರ್ಸ ನರಳುದ್ಲು. ನಿಮಗೆ ಹೇಳೋದಾ ಬ್ಯಾಡ್ವಾ ಅಂತ ನಾನೂ ಇವ್ರೂ ಮೂರ್ ದಿನ ಕೂತಿದ್ವಿ. ನೀವು ಅವ್ಳಿಗೆ ಯಾವಾಗ್ಲೋ ತಿಥಿ ಮಾಡಿದ್ರಿ. ಇನ್ನೊಂದ್ ಸತಿ ಏನಂತ ಹೇಳೋದು ಅಂತ ಸುಮ್ಕಾದ್ವಿ."

ನಾನು ನೆಲಕ್ಕೆ ಕೂತೆ. ಅವಳು ನೀರು ತಂದಳು, ಹೊಸಿಲಾಚೆ ನಿಂತು ಚೊಂಬು ನೆಲದ ಮೇಲೆ ಇಟ್ಟು ಹಿಂದೆ ಸರಿದಳು, ನಾವು ಕಲಿಸಿದ ಹಾಗೇ. ನಾನು ಚೊಂಬು ಮುಟ್ಟಲಿಲ್ಲ. ಕೈ ಚಾಚಿದೆ. "ಕೈಗ್ ಕೊಡು ಬೀಗಿತ್ತಿ" ಅಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಎತ್ತಿ ಕೊಟ್ಟಳು.

ಲೋಕವೆಲ್ಲ ಹರಡುವ ಬಲೆ ನೇಯಿಸಿದೆನಲ್ಲ ನಿನ್ನ ಕೈಲಿ. ಕೊಟ್ಟಿಗೆಯ ಹಿಂದೆ ಇಳಿದು ಕೇಳಿದ್ದರೆ ಆಗುತ್ತಿತ್ತು.

ಅವಳು ಹೋದದ್ದು ಯುಗಾದಿಯಾಗಿ ಒಂಬತ್ತು ದಿನಕ್ಕೆ, ನೀನು ಬಳಗದಿಂದ ತೆಗೆದದ್ದು ಯುಗಾದಿಗೆ ಹತ್ತು ದಿನ ಮುಂಚೆ. ಲೆಕ್ಕ ಹಾಕಿದೆ. ಅವಳ ಕೊನೆಯ ಹತ್ತೊಂಬತ್ತು ದಿನ ಓದಲು ಏನೂ ಇಲ್ಲದ ಹಾಗೆ ಮಾಡಿದೆ. ನೀನು ಅಳಬೇಡ. ತೆಗೆದದ್ದು ನಿನ್ನ ಕೈ, ಮಾತು ನನ್ನದು.

ಆ ಮಗುವಿಗೆ ಕಾಗದ ಹಾಕಿದ್ದೇನೆ. ಏನು ಬರೆದೆನೋ ನೆನಪಿಲ್ಲ.

ಅಜ್ಜಿ

---

ಮೈಸೂರು
9-8-1999

ಅಜ್ಜಿ,

ಇದು ನಿನ್ನೆ ಬಳಗದ ವಿಳಾಸಕ್ಕೆ ಬಂತು. ಇಂಗ್ಲಿಷ್ ಅಕ್ಷರದಲ್ಲಿತ್ತು. ಒಂದು ಮಾತೂ ತಿದ್ದದೆ ಕನ್ನಡದಲ್ಲಿ ಇಳಿಸಿದ್ದೇನೆ. ಪುಣೆಯಲ್ಲಿ ಹುಟ್ಟಿದ ಹುಡುಗಿ, ಕೆಳಗಿನ ಬೀದಿಯವರ ಹಾಗೇ ಮಾತಾಡುತ್ತಾಳೆ ನೋಡಿ.

ಪ್ರಮೀಳಾ

"ನಿಮ್ಗೆ ಏನಂತ ಕರೀಬೇಕು ಗೊತ್ತಿಲ್ಲ. ನಿಮ್ ಕಾಗ್ದ ಅಪ್ಪ ಓದಿ ಹೇಳುದ್ರು. ನಂಗೆ ಕನ್ನಡ ಮಾತಾಡಕ್ ಬತ್ತದೆ, ಬರಿಯಕ್ ಬರಲ್ಲ. ಅಮ್ಮನ್ ಜೊತೆ ಮಾತಾಡಿ ಕಲ್ತಿದ್ದು, ಈಗ ಅಪ್ಪನ್ ಜೊತೆ ಮಾತ್ರ ಆಡ್ತೀನಿ.

ನೀವು ಕೇಳಿದ್ರಲ್ಲ, ತೆಗ್ದಾಗ ಅಮ್ಮ ಏನಂದ್ರು ಅಂತ. ಬಳಗದ ಕಾಗ್ದ ನಾನೇ ಕಾಲೇಜಲ್ಲಿ ಪ್ರಿಂಟ್ ತಕ್ಕೊಂಡು ಬಂದು ಓದ್ತಿದ್ದೆ, ಅಮ್ಮ ಮಲ್ಗಿದ್ದೋರು ಹೇಳಿದ್ದು ನಾನೇ ಟೈಪ್ ಮಾಡ್ತಿದ್ದೆ. ಅಮ್ಮ ಹೋದ್ಮೇಲೆ ಆ ಇ-ಮೇಲ್ ತೆಗ್ದು ನೋಡ್ಲೇ ಇಲ್ಲ. ಯಾರ್ ಮನೆಯೋರು ಅಂತ ಕೇಳ್ದಾಗ ಅಮ್ಮ ನಕ್ಬುಟ್ರು. 'ಇದು ಆ ಹುಡ್ಗಿ ಪ್ರಶ್ನೆ ಅಲ್ಲ ಕಣೇ, ನಮ್ಮವ್ವಂದು. ಬಾಗ್ಲಲ್ಲಿ ನಿಂತವ್ಳೆ' ಅಂದ್ರು. ಹೇಳ್ಬುಡಮ್ಮ, ಹೇಳುದ್ರೆ ಏನಾಯ್ತದೆ ಅಂದೆ. 'ನಂಗೆ ಏನೂ ಆಗಲ್ಲ, ಅವ್ಳಿಗ್ ಆಯ್ತದೆ' ಅಂದ್ರು. ತೆಗ್ದ ಕಾಗ್ದ ಬಂದ ದಿನ ನಂಗೆ ಸಿಟ್ ಬಂತು. ಅಮ್ಮ, 'ಬುಡು. ಇಷ್ಟು ಜೋರು ಮಾಡ್ತಾವ್ಳೆ ಅಂದ್ರೆ ಅವ್ವ ಗಟ್ಟಿಯಾಗವ್ಳೆ' ಅಂದ್ರು. ಆವತ್ತು ಒಂದ್ ಲೋಟ ಗಂಜಿ ಪೂರ್ತಿ ಕುಡುದ್ರು.

ನಾನು ಬಳಗಕ್ ಸೇರ್ಬೇಕು ಅಂತ ಇದೀನಿ. ಅದ್ರಲ್ಲಿ ಅದೇ ಪ್ರಶ್ನೆ ಇನ್ನೂ ಅದೆ. ಆ ಆಣೆ ನಂಗೂ ಬತ್ತದಾ? ನಾನೇನಂತ ಬರೀಲಿ?

ಸ್ನೇಹ"

---

ಬೆಳಗೊಳ
22-8-1999

ಸ್ನೇಹ,

ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿನಗೆ ಓದಲು ಬರದಿದ್ದರೆ ನಿಮ್ಮಪ್ಪ ಅಶೋಕನ ಕೈಲಿ ಓದಿಸಿಕೊ. ಆ ಹೆಸರನ್ನು ನಾನು ಇಷ್ಟು ವರ್ಷ ನನ್ನ ಬಾಯಿಂದ ಎತ್ತಲಿಲ್ಲ. ಅವನಿಗೆ ಓದಲು ಮನಸ್ಸಿಲ್ಲದಿದ್ದರೆ ಬಲವಂತ ಮಾಡಬೇಡ. ಅದು ಅವನ ನ್ಯಾಯ.

ಆಣೆ ನಿನಗೆ ಬರುವುದಿಲ್ಲ. ನಿಮ್ಮಮ್ಮನಿಂದ ನಾನು ಬಿಡಿಸಿಕೊಳ್ಳಬೇಕಿತ್ತು. ನಮ್ಮ ಕಡೆ ಅದಕ್ಕೊಂದು ಕ್ರಮ ಇದೆ. ತಲೆ ಮುಟ್ಟಿ ಮಾಡಿದ ಆಣೆಯನ್ನು ಬಿಡಿಸಬೇಕಾದರೆ ಅದೇ ಕೈ ಬಂದು ಅದೇ ತಲೆಯನ್ನು ಮತ್ತೆ ಮುಟ್ಟಬೇಕು, ಬಿಟ್ಟೆ ಎಂದು ಇಟ್ಟವರು ಹೇಳಬೇಕು. ನಾನು ದಿನಾ ಬಿಟ್ಟೆ ಎಂದು ಹೇಳುತ್ತಿದ್ದೇನೆ. ತಲೆ ಬಾಚಿಕೊಳ್ಳುವಾಗ ಹೇಳುತ್ತೇನೆ. ಕೈ ಬರುವುದಿಲ್ಲ.

ಇನ್ನು ನೀನು ಏನೆಂದು ಬರೆಯಬೇಕು. ಮಗು ತಂದೆ ಮನೆಯದು. ಕುಳ್ಳಯ್ಯನ ಮನೆ, ಕೆಳಗಿನ ಬೀದಿ, ಬೆಳಗೊಳ ಎಂದು ಬರೆ. ಬೇರೆ ಯಾವುದನ್ನೂ ಅದಕ್ಕಿಂತ ಮೊದಲು ಬರೆಯಬೇಡ. ಅದಾದ ಮೇಲೆ ಜಾಗ ಉಳಿದಿದ್ದು, ನಿನಗೆ ಮನಸ್ಸಿದ್ದರೆ, ಮಾಯಮ್ಮನ ಮೊಮ್ಮಗಳು ಎಂದು ಸೇರಿಸು. ಮನಸ್ಸಿಲ್ಲದಿದ್ದರೆ ಖಾಲಿ ಬಿಡು. ಖಾಲಿ ಬಿಟ್ಟವರನ್ನು ತೆಗೆಯಬಾರದು ಎಂದು ಪ್ರಮೀಳಾಗೆ ಹೇಳಿ ಆ ನಿಯಮ ಹೊಡೆಸಿ ಹಾಕಿದ್ದೇನೆ.

ನಿಮ್ಮಮ್ಮನ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿದ್ದಾರೆ. ಅವಳ ಉತ್ತರದ ಜಾಗ ನಾನೇ ತುಂಬಿಸಿದೆ. ಪ್ರಮೀಳಾ ಬೆಳಗೊಳಕ್ಕೆ ಬಂದಿದ್ದಾಗ ನಿಮ್ಮ ಮಾವ ಚಲುವರಾಜುವನ್ನೂ ಎದುರಿಗೆ ಕೂರಿಸಿಕೊಂಡು ಹೇಳಿ ಬರೆಸಿದೆ. ಅವನು ಎದ್ದು ಆಚೆ ಹೋಗಿ ಕೊಟ್ಟಿಗೆಯಲ್ಲಿ ನಿಂತಿದ್ದ. ನೂರ ಐವತ್ತು ಜನಕ್ಕೂ ಹೋಗಿದೆ. ಮಂಗಳ, ಮಾಯಮ್ಮನ ಮಗಳು, ಮೇಲಿನ ಬೀದಿ, ಎಂದು.

ಇದರ ಜೊತೆ ಮಡಿಸಿದ ಕಾಗದದಲ್ಲಿ ಕುಂಕುಮ ಇದೆ. ನನ್ನ ಕೈಯಿಂದ ಇಡುವಂತಿಲ್ಲ. ನಿಮ್ಮಜ್ಜಿ ಪಾರ್ವತಮ್ಮ ಕಟ್ಟಿಕೊಟ್ಟಳು, ನಾನು ಪಕ್ಕದಲ್ಲಿ ಕೂತಿದ್ದೆ. ಮೊದಲ ಕುಂಕುಮ ಮನೆ ಹೆಣ್ಣುಮಕ್ಕಳಿಗೆ. ನಿಮ್ಮಮ್ಮನ ಪಟದ ಹಣೆಗೆ ಇಟ್ಟು, ಮಿಕ್ಕಿದ್ದನ್ನು ನೀನು ಇಟ್ಟುಕೊ. ಬಾ ಎಂದು ಕರೆಯುವ ಬಾಯಿ ನನ್ನದಲ್ಲ ಈಗ. ಕರೆದಿದ್ದೇನೆ ಎಂದು ಮಾತ್ರ ತಿಳಿದುಕೊ.

ನನ್ನನ್ನು ಏನೆಂದು ಕರೆಯಬೇಕೆಂದು ಕೇಳಿದ್ದೆ. ಅದು ನಿನಗೆ ಬಿಟ್ಟದ್ದು. ಯಾರಾದರೂ ನನ್ನನ್ನು ಯಾರು ಎಂದು ಕೇಳಿದರೆ, ನಾನು ಈಗ ಹೀಗೆ ಹೇಳುತ್ತೇನೆ,

ಮಂಗಳನ ಅವ್ವ